ವಜ್ಜೆಗೆ ಕೂತವರು

ಬೋರಿಹಾಳದ ಮಲ್ಲಣ್ಣನ ಮನೆಯ ಪಿಕಪ್ಪು ತುಂಬಿದಾಗ ಸಾಧು, ಖಾಲಿಯಾದಾಗ ರಾಕ್ಷಸ. ಊರಿಗೆಲ್ಲ ಗೊತ್ತಿದ್ದ ಈ ಸಂಗತಿಯನ್ನು ಒಪ್ಪದವನು ಮಲ್ಲಣ್ಣ ಒಬ್ಬನೇ. ಗಾಡಿ ತಂದ ವರ್ಷವೇ ಆತ ಅದನ್ನು ಜೇವರ್ಗಿಗೆ ಒಯ್ದು ಹಿಂದಿನ ಎರಡೂ ಕಮಾನುಗಳಿಗೆ ಹೆಚ್ಚಿನ ಪಾಟಾ ಹಾಕಿಸಿಕೊಂಡು ಬಂದಿದ್ದ. ಕಮಾನೆಂದರೆ ಗಾಲಿಗಳ ಮೇಲೆ ಬಿಲ್ಲಿನ ಹಾಗೆ ಬಾಗಿ ಕೂತ ಉಕ್ಕಿನ ಪಟ್ಟಿಗಳ ಕಟ್ಟು. ಅದರ ಒಂದೊಂದು ಪಟ್ಟಿಯೂ ಒಂದೊಂದು ಪಾಟಾ. ಬೇರೆಯವರ ಗಾಡಿಗಳು ತೊಗರಿ ಚೀಲ ಹೇರಿದ ಕೂಡಲೇ ಹಿಂದೆ ಕುಸಿದು ಮೂಗು ಮೇಲೆತ್ತಿದರೆ, ಮಲ್ಲಣ್ಣನ ಗಾಡಿ ಆಳಂದದ ಬಜಾರದವರೆಗೂ ಸೆಟೆದುಕೊಂಡೇ ಹೋಗುತ್ತಿತ್ತು. ಆತ ಮೀಸೆಯ ಮೇಲೆ ಕೈಯಾಡಿಸುತ್ತ ನಾಲ್ಕು ಮಂದಿಯೆದುರು ಅದನ್ನು ಹೇಳಿಕೊಳ್ಳುತ್ತಿದ್ದ. ಮಾಲು ಇಳಿಸಿ ವಾಪಸು ಬರುವಾಗಿನ ಕಥೆ ಮಾತ್ರ ಹೇಳುತ್ತಿರಲಿಲ್ಲ. ಆಗ ಅದರ ಹಿಂಭಾಗ ಸಣ್ಣ ಕಲ್ಲಿಗೂ ಕತ್ತೆಯ ಹಾಗೆ ಒದೆಯುತ್ತಿತ್ತು, ಹಿಂದೆ ಕೂತವರ ಹಲ್ಲಿಗೆ ಹಲ್ಲು ಬಡಿಯುತ್ತಿತ್ತು. ಗಾಡಿ ಓಡಿಸುತ್ತಿದ್ದವನು ಅವನ ತಮ್ಮ ಶಾಂತಲಿಂಗಪ್ಪ. ಅಣ್ಣನೆದುರು ಆ ಪಾಟಾಗಳ ಮಾತು ತೆಗೆಯುವ ಎದೆ ಅವನಿಗಿರಲಿಲ್ಲ.

ಶಾಂತಲಿಂಗಪ್ಪನ ಹೆಂಡತಿ ಸುಮಿತ್ರಾಬಾಯಿಯಂತೂ ಭಾವನೆದುರು ಯಾವ ಮಾತನ್ನೂ ತೆಗೆದವಳಲ್ಲ. ಆ ಮನೆಯ ರಿವಾಜೇ ಹಾಗೆ. ತಮ್ಮನ ಹೆಂಡತಿ ಗಂಡನ ಅಣ್ಣನ ಜೊತೆ ಮುಖಕ್ಕೆ ಮುಖ ಕೊಟ್ಟು ಮಾತಾಡುವಂತಿಲ್ಲ, ಅವನೆದುರು ತಲೆಯ ಮೇಲಿನ ಸೆರಗು ಜಾರುವಂತಿಲ್ಲ. ಊಟಕ್ಕೆ ಕರೆಯಬೇಕಾದರೆ ಆಕೆ ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದಳು, "ಎಡಿ ಮಾಡೇದ" ಎಂದು. ಮಲ್ಲಣ್ಣನೂ ಕಂಬಕ್ಕೇ "ಹೂಂ, ಬಂದೆ" ಎನ್ನುತ್ತಿದ್ದ. ಎರಡು ಮಕ್ಕಳಾದ ಮೇಲೂ ಆ ಕಂಬಕ್ಕೆ ಬಿಡುವು ಸಿಕ್ಕಿರಲಿಲ್ಲ. ಜಗಳವಿರಲಿಲ್ಲ, ದ್ವೇಷವಿರಲಿಲ್ಲ; ಗೌರವವೆಂದರೆ ಹಾಗಿರಬೇಕೆಂದು ಎಲ್ಲರೂ ನಂಬಿಕೊಂಡಿದ್ದರು, ಅಷ್ಟೆ.

ಎಂಬತ್ತರ ದಶಕದ ನಡುವಿನ ಒಂದು ಎಳ್ಳಮಾವಾಸ್ಯೆಯ ದಿನ. ಅಫಜಲಪುರದ ಸಾಲಿಯ ಕೋಣೆಗಳಲ್ಲಿ ಕಣ್ಣಿನ ಆಪರೇಷನ್ ಕ್ಯಾಂಪು ನಡೆದಿತ್ತು. ಸುಮಿತ್ರಾಬಾಯಿಯ ತಾಯಿ ಗಂಗಾಬಾಯಿ ಅಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿದ್ದಳು. ಸಣ್ಣವಳಿದ್ದಾಗ ಸಿಡುಬು ಎದ್ದು ಒಂದು ಕಣ್ಣು ಹೋಗಿತ್ತು. ಉಳಿದ ಒಂದಕ್ಕೆ ಪೊರೆ ಬಂದಿತ್ತು, ಕ್ಯಾಂಪಿನಲ್ಲಿ ಅದನ್ನು ತೆಗೆದಿದ್ದರು. ಎಲ್ಲ ಚೆನ್ನಾಗಿಯೇ ಆಗಿತ್ತು. ಆದರೆ ಥಂಡಿಗೆ ಮುದುಕಿಗೆ ಕೆಮ್ಮು ಹತ್ತಿತು. ನಸುಕಿನಲ್ಲಿ ಕೆಮ್ಮಿದ್ದೇ ಕೆಮ್ಮಿದ್ದು. ಬೆಳಿಗ್ಗೆ ಡಾಕ್ಟರು ಪಟ್ಟಿ ಬಿಚ್ಚಿ ಬ್ಯಾಟರಿ ಹಿಡಿದು ನೋಡಿದವರು ಸುಮಿತ್ರಾಬಾಯಿಯನ್ನು ಬಾಗಿಲ ಹೊರಗೆ ಕರೆದರು.

"ಹೊಲಿಗೆ ಸಡಿಲಾಗಿದೆಯಮ್ಮ. ಒಳಗಿನದು ಹೊರಗೆ ಬರೋ ಹಾಗಿದೆ. ಇಲ್ಲಿ ಇಟ್ಟುಕೊಂಡು ನಾನು ಏನೂ ಮಾಡಲಾರೆ. ಇವತ್ತೇ ಗುಲಬರ್ಗಾದ ದೊಡ್ಡ ದವಾಖಾನೆ ಮುಟ್ಟಬೇಕು. ಮಲಗಿಸಿಕೊಂಡೇ ಒಯ್ಯಿರಿ. ತಲೆ ಅಲುಗಬಾರದು. ಒಂದು ಜೋರು ಧಕ್ಕೆ ಬಿದ್ದರೂ ಆ ಕಣ್ಣಿನ ಆಸೆ ಬಿಟ್ಟುಬಿಡಿ."

"ಅದೊಂದೇ ಕಣ್ಣದರಿ ನಮ್ಮವ್ವಗ," ಎಂದಳು ಸುಮಿತ್ರಾಬಾಯಿ, ಡಾಕ್ಟರಿಗೆ ಗೊತ್ತಿಲ್ಲವೇನೋ ಎಂಬ ಹಾಗೆ.

ಕ್ಯಾಂಪಿನವರ ವ್ಯಾನು ಹಿಂದಿನ ದಿನವೇ ಹೋಗಿಬಿಟ್ಟಿತ್ತು. ಬಸ್ಸಿನಲ್ಲಿ ಮಲಗಿಸಿಕೊಂಡು ಹೋಗುವ ಮಾತೇ ಇಲ್ಲ; ಅಮಾವಾಸ್ಯೆಯೆಂದು ಗಾಣಗಾಪುರಕ್ಕೆ ಹೊರಟ ಭಕ್ತರು ಬಸ್ಸಿನ ಬಾಗಿಲಲ್ಲೂ ಜೋತಾಡುತ್ತಿದ್ದರು. ಉಳಿದದ್ದು ಸಾಲಿಯ ಅಂಗಳದಲ್ಲಿ ನಿಂತ ಮನೆಯ ಪಿಕಪ್ಪು. ಊರಿನ ಮುದುಕ ಮುದುಕಿಯರನ್ನು ಕ್ಯಾಂಪಿಗೆ ಕರೆತಂದದ್ದು ಅದೇ ಗಾಡಿ. ಬರುವಾಗ ತುಂಬಿತ್ತು, ಈಗ ಖಾಲಿ ನಿಂತಿತ್ತು. ಶಾಂತಲಿಂಗಪ್ಪ ಅದರ ಹಿಂದಿನ ಗಾಲಿಗಳನ್ನು ನೋಡಿದ, ಹೆಂಡತಿಯ ಮುಖ ನೋಡಿದ, ಮೆಕಾನಿಕ್ ಇಸ್ಮಾಯಿಲನನ್ನು ಹುಡುಕಲು ಓಡಿದ.

ಇಸ್ಮಾಯಿಲನ ಗ್ಯಾರೇಜಿಗೂ ಬೀಗ. ಎಳ್ಳಮಾವಾಸ್ಯೆಯೆಂದರೆ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ದಿನ. ಬೆಳೆದು ನಿಂತ ಬೆಳೆಗೆ ಚರಗ ಚೆಲ್ಲಿ, ಮೊದಲು ಭೂಮಿತಾಯಿಗೆ ಉಣ್ಣಿಸಿ, ಆಮೇಲೆ ತಾವು ಉಣ್ಣುವ ದಿನ. ಇಸ್ಮಾಯಿಲನೂ ಗೆಳೆಯನೊಬ್ಬನ ಹೊಲಕ್ಕೆ ಊಟಕ್ಕೆ ಹೊರಟು ಒಗೆದ ಅಂಗಿ ತೊಟ್ಟು ನಿಂತಿದ್ದ. ಆದರೂ ಸುದ್ದಿ ಕೇಳಿ ಬಂದ. ಅಂಗಿ ಬಿಚ್ಚಿ ಟೊಂಗೆಗೆ ಹಾಕಿ ಗಾಡಿಯ ಕೆಳಗೆ ತೂರಿದ. ಸ್ವಲ್ಪ ಹೊತ್ತು ಸ್ಪ್ಯಾನರಿನ ಸದ್ದೂ ಅವನ ಬೈಗುಳವೂ ಕೇಳಿಸಿದವು. ಹೊರಗೆ ಬಂದಾಗ ಕೈಯೆಲ್ಲ ತುಕ್ಕು.

"ನಟ್ಟು ಕಚ್ಚಿಕೊಂಡು ಕುಂತಾವ ಶಾಂತಪ್ಪ. ಪಾಟಾ ತೆಗಿಬೇಕಂದ್ರ ಹೊತ್ತು ಮುಳುಗ್ತದ."

"ಮತ್ತೇನರೆ ಮಾಡೋ ಮಾರಾಯಾ!"

ಇಸ್ಮಾಯಿಲ ಪಾಟಾಗಳ ಸಂದಿಗೆ ಹಳೆಯ ಆಯಿಲ್ ಸುರಿದ. ಹಿಂದಿನ ಟಾಯರುಗಳ ಗಾಳಿ ಒಂದಿಷ್ಟು ಇಳಿಸಿದ. ಆಮೇಲೆ ಗಾಡಿಯ ಹಿಂದಿನ ತುದಿಯ ಮೇಲೆ ಎರಡೂ ಕೈಯೂರಿ, ಮೈಭಾರ ಹಾಕಿ ಒತ್ತಿದ. ಗಾಡಿ ಮಿಸುಕಲಿಲ್ಲ.

"ನೋಡು. ಇದಕ್ಕ ವಜ್ಜಾ ಬೇಕು. ಮ್ಯಾಲ ವಜ್ಜಾ ಬಿದ್ರನೇ ಈ ಕಮಾನ ಬಗ್ತಾವ, ಬಗ್ಗಿದ್ರನೇ ಮೆತ್ತಗ ಹೋಗ್ತದ. ಖಾಲಿ ಒಯ್ದರ ಮುದುಕಿ ಕಣ್ಣಲ್ಲ, ಎಲುಬೂ ಉಳಿಯಂಗಿಲ್ಲ."

ಅಡತಿ ಅಂಗಡಿಗಳೆಲ್ಲ ಬಂದ್, ಚೀಲ ಕೊಡುವವರಿಲ್ಲ. ಉಸುಕು ಹೊಳೆಯ ದಂಡೆಗಿತ್ತು, ತುಂಬುವ ಆಳುಗಳು ಹೊಲಗಳಲ್ಲಿದ್ದರು. ರಸ್ತೆ ಬದಿಯ ಕಲ್ಲು ಹೇರಿದರೆ ಅವೇ ಎಗರಿ ಮುದುಕಿಯ ಮೇಲೆ ಬೀಳಬಹುದು. ಶಾಂತಲಿಂಗಪ್ಪ ತಲೆಯ ಮೇಲೆ ಕೈಹೊತ್ತು ನಿಂತ. ಇಸ್ಮಾಯಿಲ ಮಾತ್ರ ಅಂಗಳದ ಬೇವಿನ ಗಿಡದ ಕಡೆ ನೋಡುತ್ತಿದ್ದ. ಅಲ್ಲಿ ಮಲ್ಲಣ್ಣ ಮತ್ತು ಬೋರಿಹಾಳದ ಏಳೆಂಟು ಗಂಡಸರು ಕೂತಿದ್ದರು. ಅವರು ಕರೆತಂದ ಮುದುಕರು ಇನ್ನೂ ಕ್ಯಾಂಪಿನಲ್ಲೇ ಇರಬೇಕಿತ್ತು. ಇವರಿಗೆ ಮಧ್ಯಾಹ್ನದೊಳಗೆ ಊರು ಮುಟ್ಟಿ ಚರಗ ಚೆಲ್ಲುವ ಅವಸರ.

"ಅಲ್ಲಿ ಕುಂತದಲ್ಲ ವಜ್ಜಾ," ಎಂದ ಇಸ್ಮಾಯಿಲ. "ನಿಮ್ಮಣ್ಣ ಒಬ್ಬನೇ ಎರಡು ಚೀಲಕ್ಕ ಸಮ ಇದ್ದಾನ."

"ಹುಚ್ಚ ಹಿಡದದೇನೋ ನಿನಗ? ಅಣ್ಣಗ ಏನಂತ ಹೇಳ್ಲಿ? ತೊಗರಿ ಚೀಲ ಸಿಗಲಿಲ್ಲ, ನಿಮ್ಮನ್ನ ಹೇರಿಕೊಂಡು ಒಯ್ತೇನಿ ಅಂತ ಹೇಳ್ಲೇನು? ನೀವು ಹಾಕಿಸಿದ ಪಾಟಾದಿಂದ ನಮ್ಮತ್ತಿ ಕಣ್ಣು ಹೋಗ್ತದ ಅಂತ ಹೇಳ್ಲೇನು?"

"ಹೇಳಬ್ಯಾಡ. ಹೆಂಗೂ ಗುಲಬರ್ಗಾ ಹಾದ್ಯಾಗೇ ಅದಲ್ಲ ನಿಮ್ಮೂರು, ಊರಿಗಿ ಬಿಡ್ತೇನಿ, ಬರ್ರಿ ಅನ್ನು. ಊರಾಗ ನಿಮ್ಮ ಮನಿ ಜ್ವಾಳದ ಚೀಲ ಅವಲ್ಲ, ಅವರನ್ನ ಇಳಿಸಿ ಅವನ್ನ ಹಾಕ್ಕೊ."

ಸುಮಿತ್ರಾಬಾಯಿ ಇದನ್ನೆಲ್ಲ ಪಕ್ಕದಲ್ಲೇ ನಿಂತು ಕೇಳಿದಳು. ಗಂಡ ಆಕೆಯ ಕಡೆ ನೋಡಿದ. ಆಕೆ ಹೂಂ ಎಂದು ಗೋಣು ಹಾಕಿದಳು. ಹೀಗೆ ಆ ಗುಟ್ಟು ಮೂವರಲ್ಲಿ ಉಳಿಯಿತು, ಅವರಲ್ಲಿ ಇಸ್ಮಾಯಿಲ ಗಾಡಿ ಏರುವವನಲ್ಲ.

ಮನೆಯ ಹಿರಿಯನನ್ನು ಹಿಂದೆ ಕೂರಿಸಿ ಮುಂದಿನ ಸೀಟು ಖಾಲಿ ಒಯ್ಯುವುದು ಸಾಧ್ಯವೇ? ಅದಕ್ಕೂ ಶಾಂತಲಿಂಗಪ್ಪ ಒಂದು ದಾರಿ ಹುಡುಕಿದ. ಊರಿನ ನಿಂಬೆವ್ವನಿಗೆ ಔಷಧ ಹಾಕಿ ಮನೆಗೆ ಹೋಗೆಂದು ಹೇಳಿದ್ದರು. ಒಣಗಿದ ಕಟ್ಟಿಗೆಯಂತಿದ್ದ ಆ ಮುದುಕಿಯನ್ನು ಮುಂದೆ ಕೂರಿಸಿದ. "ಹೌದು ಹೌದು, ಹಿರೀಕಿ ಮುಂದ ಕೂಡಲಿ," ಎಂದು ಮಲ್ಲಣ್ಣ ತಾನೇ ಹಿಂದೆ ಏರಿದ. ದೊಡ್ಡ ಮನುಷ್ಯ, ಮನಸ್ಸೂ ದೊಡ್ಡದು. ಅದೇ ಮುಂದೆ ಕುತ್ತಾಗುತ್ತದೆಂದು ಯಾರಿಗೆ ಗೊತ್ತಿತ್ತು?

ಕ್ಯಾಬಿನ್ನಿಗೆ ತಾಗಿ, ಹಿಂದಿನ ಗಾಲಿಗಳಿಂದ ಆದಷ್ಟು ದೂರ, ಹತ್ತಿಯ ಗಾದಿ ಹಾಕಿ ಅದರ ಮೇಲೆ ಕೌದಿಗಳನ್ನು ಹಾಸಿ ಗಂಗಾಬಾಯಿಯನ್ನು ಮಲಗಿಸಿದರು. ಬಿಸಿಲು ಬೀಳದಿರಲೆಂದು ಮೇಲೆ ತಾಡಪತ್ರಿ ಕಟ್ಟಿದರು. ಕ್ಯಾಬಿನ್ನಿನ ಹಿಂಬದಿಯ ಗಾಜು ಅದರಲ್ಲಿ ಮುಚ್ಚಿಹೋಯಿತು. ಡಾಕ್ಟರು ಮಂಪರು ಬರುವ ಸೂಜಿ ಹಾಕಿದ್ದರು. ಗಂಗಾಬಾಯಿ ಎದೆಯ ಮೇಲಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಅರೆನಿದ್ದೆಯಲ್ಲಿದ್ದಳು. ಸುಮಿತ್ರಾಬಾಯಿ ಕ್ಯಾಬಿನ್ನಿಗೆ ಬೆನ್ನು ಕೊಟ್ಟು ಕಾಲು ಮಡಚಿ ಕೂತು, ಅವ್ವನ ತಲೆಯನ್ನು ಎರಡೂ ಅಂಗೈಗಳ ನಡುವೆ ಹಿಡಿದಳು. ಇನ್ನು ಗುಲಬರ್ಗಾ ಬರುವವರೆಗೆ ಆ ಕೈ ತೆಗೆಯುವಂತಿರಲಿಲ್ಲ. ಗಂಡಸರು ಗಾಲಿಗಳ ಮೇಲೆ, ಬಾಲದ ಕಡೆ, ಹೆಣ್ಣುಮಕ್ಕಳಿಗೆ ಬೆನ್ನು ಮಾಡಿ ಕೂತರು. ಎಲ್ಲರಿಗಿಂತ ಅಗಲವಾದ ಬೆನ್ನು ಭಾವನದು.

ಗಾಡಿ ಹೊರಟಿತು. ಊರ ಹೊರಗಿನ ಮೊದಲ ತಗ್ಗು ಬಂದಾಗ ಸುಮಿತ್ರಾಬಾಯಿ ಉಸಿರು ಬಿಗಿಹಿಡಿದಳು. ಗಾಡಿ ಮೆಲ್ಲಗೆ ಕುಸಿಯಿತು, ಮೆಲ್ಲಗೆ ಎದ್ದಿತು. ಅವ್ವನ ತಲೆ ಅಂಗೈಯಲ್ಲಿ ಇದ್ದ ಹಾಗೇ ಇತ್ತು. ಇದು ಅದೇ ಗಾಡಿಯೇ ಎಂದು ಆಕೆಗೆ ನಂಬಿಕೆ ಬರಲಿಲ್ಲ. ಇನ್ನೊಂದು ತಗ್ಗು, ಮತ್ತೊಂದು. ಪ್ರತಿ ಸಲವೂ ಆ ಬೆನ್ನುಗಳು ಒಟ್ಟಿಗೆ ಕೆಳಗಿಳಿದು ಒಟ್ಟಿಗೆ ಮೇಲೇರುತ್ತಿದ್ದವು. ಆ ಬೆನ್ನುಗಳನ್ನು ನೋಡಿದರೆ ಆಕೆಗೆ ಕೈಮುಗಿಯಬೇಕೆನ್ನಿಸಿತು.

ಆದರೆ ಚೀಲ ಬೇರೆ, ಮನುಷ್ಯ ಬೇರೆ. ಚೀಲಕ್ಕೆ ಬೀಗರಿರುವುದಿಲ್ಲ.

ರಸ್ತೆಯ ಎರಡೂ ಬದಿ ಹೊಲಗಳಲ್ಲಿ ಮಂದಿ ತುಂಬಿದ್ದರು. ಜೋಳದ ನಡುವೆ ಸೀರೆಗಳ ಕೆಂಪು ಹಸಿರು, ಬಜ್ಜಿಯ ವಾಸನೆ, "ಬರ್ರೆಪ್ಪೋ, ಉಂಡು ಹೋಗ್ರಿ" ಎಂಬ ಕೂಗು. ಗಾಡಿಯಲ್ಲಿದ್ದ ದೇವಿಂದ್ರಪ್ಪ ಒಂದು ಕಡೆ ಎದ್ದು ನಿಂತು ಗಾಡಿಯ ಮೈಗೆ ಬಡಿದ. "ಇದು ನಮ್ಮ ಬೀಗರ ಹೊಲ. ಕರದು ಬಿಟ್ಟು ಹೋದ್ರ ಛಲೋ ಕಾಣಂಗಿಲ್ಲ, ನಾ ಇಲ್ಲೇ ಇಳಿತೇನಿ." ಗಾಡಿ ನಿಂತಿತು. ದೇವಿಂದ್ರಪ್ಪ ದಪ್ಪನೆಯ ಆಸಾಮಿ. ಅವನು ಜಿಗಿದಾಗ ಗಾಡಿಯ ಹಿಂಭಾಗ ಒಂದಿಷ್ಟು ಮೇಲೆದ್ದದ್ದು ಸುಮಿತ್ರಾಬಾಯಿಯ ಸೊಂಟಕ್ಕೇ ಗೊತ್ತಾಯಿತು. ಮುಂದಿನ ತಗ್ಗಿನಲ್ಲಿ ಗಾಡಿ ಅಷ್ಟು ಮೆಲ್ಲಗೆ ಕುಸಿಯಲಿಲ್ಲ.

'ಇಳೀಬ್ಯಾಡ್ರಿ' ಎನ್ನಬೇಕಿತ್ತು. ಮಾತು ನಾಲಿಗೆಯವರೆಗೆ ಬಂದು ನಿಂತಿತ್ತು. ಭಾವ ಅಲ್ಲೇ ಕೂತಿದ್ದ, ಕಂಬ ಇರಲಿಲ್ಲ. ಆಕೆ ನುಂಗಿಕೊಂಡಳು.

ಚೌಡಾಪುರದಲ್ಲಿ ಇನ್ನಿಬ್ಬರು ಇಳಿದರು. ಒಬ್ಬನಿಗೆ ಅಲ್ಲಿ ತಂಗಿಯ ಮನೆ. ಇನ್ನೊಬ್ಬ, ಇಷ್ಟು ದೂರ ಬಂದಮೇಲೆ ಗಾಣಗಾಪುರಕ್ಕೆ ಹೋಗಿ ದತ್ತಾತ್ರೇಯನಿಗೆ ಕೈಮುಗಿದೇ ಬರುತ್ತೇನೆಂದ. ಶಾಂತಲಿಂಗಪ್ಪ ಕಿಟಕಿಯಿಂದ ತಲೆ ಹೊರಹಾಕಿ, "ಊರಿಗೇ ಬಂದು ಹೋಗ್ರಲ್ಲ, ಏನು ಅವಸರ?" ಎಂದು ನಕ್ಕ. ಆ ನಗು ಅಳುವಿಗಿಂತ ಕಡೆಯಾಗಿತ್ತು. ಅವರು ಹೊರಟೇಹೋದರು. ಈಗ ಗಾಡಿ ಸಣ್ಣ ಕಲ್ಲಿಗೂ ಕುಲುಕತೊಡಗಿತು. ಅವ್ವನ ಕುತ್ತಿಗೆಯ ನರ ತನ್ನ ಕಿರುಬೆರಳಿನ ಕೆಳಗೆ ಬಡಿದುಕೊಳ್ಳುವುದು ಸುಮಿತ್ರಾಬಾಯಿಗೆ ತಿಳಿಯುತ್ತಿತ್ತು. ತೋಳು ಮರಗಟ್ಟಿತ್ತು. ಉಳಿದವರ ಬೆನ್ನುಗಳನ್ನು ಆಕೆ ಕಣ್ಣಿಂದಲೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಬೋರಿಹಾಳದ ಹಳ್ಳ ದಾಟಿದರೆ ಊರು, ಊರಲ್ಲಿ ಜೋಳದ ಚೀಲ. ಹಳ್ಳ ದಾಟುವವರೆಗೆ ಇವರೊಬ್ಬರೂ ಏಳದಿದ್ದರೆ ಸಾಕು ಎಂದು ಬಸವಣ್ಣನನ್ನು ನೆನೆದಳು.

ಆ ವರ್ಷದ ಮಳೆಗೆ ಹಳ್ಳದ ಸೇತುವೆ ಕೊಚ್ಚಿಹೋಗಿತ್ತು. ಗಾಡಿಗಳು ರಸ್ತೆ ಬಿಟ್ಟು ಕೆಳಗಿಳಿದು, ಗುಂಡುಕಲ್ಲುಗಳ ಮೇಲೆ ಹಾದು, ಆಚೆ ದಂಡೆ ಏರಬೇಕು. ಇಳಿಜಾರಿನ ಮೇಲ್ತುದಿಯಲ್ಲಿ ಶಾಂತಲಿಂಗಪ್ಪ ಗೇರು ಬದಲಿಸಲು ಗಾಡಿ ನಿಲ್ಲಿಸಿದ. ಮಲ್ಲಣ್ಣ ಎದ್ದು ನಿಂತು ಧೋತ್ರದ ಧೂಳು ಕೊಡವಿದ.

"ಇಳೀರ್ರಿ ಎಲ್ಲಾರೂ. ಹಳ್ಳ ಬಂತು. ಗಾಡಿ ಹಗೂರ ಆಗ್ಲಿ. ಪಾಪ, ಹಿರೀ ಜೀವ ಮಲಗೇದ."

ಅಲ್ಲಿದ್ದವರೆಲ್ಲ ಬಂಡಿಯ ಕಾಲದ ಮಂದಿ. ಹಳ್ಳ ಬಂದಾಗ, ಏರು ಬಂದಾಗ, ಎತ್ತಿಗೆ ಭಾರವಾಗಬಾರದೆಂದು ಬಂಡಿಯಿಂದ ಇಳಿದು ನಡೆಯುವುದು ಅವರಿಗೆ ಹುಟ್ಟಿನಿಂದ ಬಂದ ಮರ್ಯಾದೆ. ಎತ್ತು ಏದುಸಿರು ಬಿಡುವಾಗ ಮೇಲೆ ಕೂತಿರುವವನನ್ನು ಆ ಸೀಮೆಯಲ್ಲಿ ಮನುಷ್ಯನೆಂದು ಯಾರೂ ಎಣಿಸುವುದಿಲ್ಲ. ಅದರಲ್ಲೂ ಗಾಡಿಯಲ್ಲಿ ರೋಗಿಯಿದ್ದಾಗ! ಇವರು ಒಳ್ಳೆಯವರು, ಆದ್ದರಿಂದ ಇಳಿದರು. ಕೆಟ್ಟವರಾಗಿದ್ದರೆ ಕೂತಿರುತ್ತಿದ್ದರು, ಗಂಗಾಬಾಯಿಯ ಕಣ್ಣಿಗೆ ಏನೂ ಆಗುತ್ತಿರಲಿಲ್ಲ. ಸದ್ದಾದರೆ ಮುದುಕಿ ಬೆಚ್ಚಿಬಿದ್ದಾಳೆಂದು ಒಬ್ಬೊಬ್ಬರೇ ಹಿಂಬಾಗಿಲನ್ನು ಹಿಡಿದು ಮೆಲ್ಲಗೆ ಕಾಲೂರಿದರು. ಮುಂದೆ ಇಂಜಿನ್ನು ಗುರ್ರೆನ್ನುತ್ತಿತ್ತು. ಗಾಜಿಗೆ ತಾಡಪತ್ರಿ. ಶಾಂತಲಿಂಗಪ್ಪನಿಗೆ ಏನೂ ಗೊತ್ತಾಗಲಿಲ್ಲ.

"ಇಳೀಬ್ಯಾಡ್ರಿ," ಎಂದು ಸುಮಿತ್ರಾಬಾಯಿ ಹತ್ತಿರವಿದ್ದವನಿಗೆ ಪಿಸುಗುಟ್ಟಿದಳು.

"ಇರ್ಲಿ ಬಿಡು ತಂಗಿ. ನಾಕು ಹೆಜ್ಜಿ ನಡದ್ರ ನಮಗೇನು ಕಾಲು ಸವೀತಾವೇನು? ನಿಮ್ಮವ್ವಗ ಆರಾಮ ಆಗ್ಲಿ," ಎಂದು ಅವನು ಪ್ರೀತಿಯಿಂದಲೇ ಹೇಳಿ ಇಳಿದ.

ಕಡೆಗೆ ಇಳಿದವನು ಮಲ್ಲಣ್ಣ. ಅವನ ಕಾಲು ನೆಲಕ್ಕೆ ತಾಗಿದೊಡನೆ ಗಾಡಿಯ ಬಾಲ ಮೇಲೆದ್ದು ಸೆಟೆಯಿತು. ಆ ಕ್ಷಣವೇ ಗಾಡಿ ಇಳಿಜಾರಿಗೆ ಹೊರಳಿತು.

ಮೊದಲ ಕಲ್ಲು. ಹಿಂದಿನ ಗಾಲಿ ಅದನ್ನು ಹತ್ತಿ ಇಳಿಯಲಿಲ್ಲ, ಒದ್ದಿತು. ಗಾದಿಯ ಸಮೇತ ಗಂಗಾಬಾಯಿಯ ಮೈ ಮೇಲೆದ್ದು ಬಿತ್ತು. ಸುಮಿತ್ರಾಬಾಯಿ ತನ್ನ ತೋಳುಗಳನ್ನೂ ತಲೆಯ ಜೊತೆಗೇ ಎತ್ತಿ ಜೊತೆಗೇ ಇಳಿಸಿದ್ದರಿಂದ ತಲೆಯೊಂದು ಹೇಗೋ ಉಳಿಯಿತು. ಆಕೆಯ ಮೊಣಕೈ ಗಾಡಿಯ ತಗಡಿಗೆ ಬಡಿದು ಚರ್ಮ ಕಿತ್ತಿತು. "ಯವ್ವಾ..." ಎಂದು ನರಳಿದಳು ಮುದುಕಿ. ಸೆರಗು ತಲೆಯಿಂದ ಜಾರಿ ಹೆಗಲಿಗೆ, ಹೆಗಲಿಂದ ತೊಡೆಗೆ ಬಿತ್ತು. ಎಳೆದುಕೊಳ್ಳಲು ಕೈಯಿಲ್ಲ. ಕೆಳಗೆ ಹಳ್ಳದ ಪಾತ್ರದಲ್ಲಿ ಗುಂಡುಕಲ್ಲುಗಳು ಕುಂಬಳಕಾಯಿ ಗಾತ್ರದವು ಕಾಯುತ್ತಿದ್ದವು. ಮೇಲೆ ದಂಡೆಯಲ್ಲಿ ಗಂಡಸರು, ಎಂಥ ಒಳ್ಳೆಯ ಕೆಲಸ ಮಾಡಿದೆವೆಂಬ ಮುಖ ಮಾಡಿಕೊಂಡು, ಗಾಡಿಯ ಹಿಂದೆ ನಡೆದು ಬರುತ್ತಿದ್ದರು.

ಆಗ ಸುಮಿತ್ರಾಬಾಯಿ ಒದರಿದಳು.

"ಭಾವಾರ! ಏರ್ರಿ ಮ್ಯಾಲ! ಇಳದು ಎಲ್ಲಿಗಿ ಹೊಂಟೀರಿ? ನಿಮ್ಮನ್ನ ವಜ್ಜಾಕ್ಕಂತ ತಂದೇವ್ರಿ ನಾವು! ಚೀಲ ಸಿಗಲಿಲ್ಲಂತ ನಿಮ್ಮನ್ನ ಹೇರೇವಿ! ಖಾಲಿ ಗಾಡಿ ಒದ್ದು ನಮ್ಮವ್ವನ ಕಣ್ಣು ಕಳೀತದ! ನೀವು ಹಾಕಿಸಿದ ಪಾಟಾನೇ ಒದಿಲಿಕ್ಕತ್ತಾವ! ಏರ್ರಿ! ಎಲ್ಲಾರೂ ಏರ್ರಿ!"

ಗಾಡಿ ಗಕ್ಕನೆ ನಿಂತಿತು. ಗಂಡಸರೂ ನಿಂತರು. ಹಳ್ಳದ ಆಚೆಯ ಹೊಲದಲ್ಲಿ ಉಣ್ಣುತ್ತಿದ್ದವರು ಕೈಯಲ್ಲಿ ತುತ್ತು ಹಿಡಿದೇ ಎದ್ದು ನೋಡಿದರು. ಶಾಂತಲಿಂಗಪ್ಪ ಕೆಳಗೆ ಜಿಗಿದು ಹಿಂದೆ ಓಡಿ ಬಂದ. ಖಾಲಿ ಗಾಡಿ ಕಂಡಿತು, ಹೆಂಡತಿಯ ಸೆರಗಿಲ್ಲದ ತಲೆ ಕಂಡಿತು, ಅಣ್ಣನ ಮುಖ ಕಂಡಿತು.

"ಅಣ್ಣಾ, ಆಕಿ... ತಪ್ಪಾಯ್ತು, ಆಕಿಗಿ ತಿಳಿಲಾರದ..."

ಮಲ್ಲಣ್ಣ ಕೈಯೆತ್ತಿ ಅವನನ್ನು ಸುಮ್ಮನಿರಿಸಿದ. "ಏನು ಹೆಣ್ಣಪಾ ಇದು," ಎಂದು ಯಾರೋ ಹಿಂದೆ ಗೊಣಗಿದರು. ಮಲ್ಲಣ್ಣ ಅತ್ತ ತಿರುಗಲಿಲ್ಲ. ಅವನು ಗಾಡಿಯ ಹತ್ತಿರ ಬಂದು ಒಳಗೆ ನೋಡಿದ. ಮಗಳ ಎರಡು ಕೈಗಳ ನಡುವೆ ಪಟ್ಟಿ ಕಟ್ಟಿದ ಒಂದು ಮುಖ, ಮೊಣಕೈಯಿಂದ ಕೌದಿಗೆ ಇಳಿಯುತ್ತಿದ್ದ ನೆತ್ತರು. ಸುಮಿತ್ರಾಬಾಯಿ ಕಣ್ಣು ತಗ್ಗಿಸಲಿಲ್ಲ. ತಗ್ಗಿಸಬೇಕೆಂಬ ನೆನಪೂ ಆಗಲಿಲ್ಲ. ಈ ಮನೆಯಲ್ಲಿ ಇನ್ನು ತನ್ನ ಬಾಳು ಮುಗಿಯಿತು, ಮುಗಿದರೆ ಮುಗಿಯಲಿ, ಇವರು ಒಮ್ಮೆ ಏರಲಿ ಎಂದಷ್ಟೇ ಆಕೆಯ ಮನಸ್ಸಿನಲ್ಲಿತ್ತು.

ಮಲ್ಲಣ್ಣ ಹಿಂಬಾಗಿಲನ್ನು ಹಿಡಿದು ಭಾರವಾಗಿ ಮೇಲೇರಿದ. ನಿಂತುಕೊಂಡು, ಕಂಬಕ್ಕಲ್ಲ, ಆಕೆಗೇ ಕೇಳಿದ.

"ಎಲ್ಲಿ ಕುಂಡ್ರಲಿ, ಹೇಳು."

"ಗಾಲಿ ಮ್ಯಾಲ್ರಿ. ನಟ್ಟ ನಡುವ."

ಅವನು ಕೂತ. ಬಾಲ ಒಂದಿಷ್ಟು ಇಳಿಯಿತು. ಉಳಿದವರು ಇನ್ನೂ ಅನುಮಾನಿಸುತ್ತ ನಿಂತಿದ್ದರು. ತಮ್ಮನ್ನು ಚೀಲವೆಂದದ್ದು ಕೆಲವರಿಗೆ ನಟ್ಟಿತ್ತು. ಮಲ್ಲಣ್ಣ ಅವರ ಕಡೆ ಕಣ್ಣು ಕೆಕ್ಕರಿಸಿ ಗದರಿದ. "ಏನು ನೋಡ್ತೀರಲೇ? ನಾ ಚೀಲ ಆಗೇನಿ, ನೀವು ಆಗಾಕ ಏನು ಧಾಡಿ?" ಅವರು ಏರಿದರು. ಸಾಲದಾಯಿತು. ಮಲ್ಲಣ್ಣ ಆಚೆ ಹೊಲದ ಕಡೆ ಬಾಯಿಗೆ ಕೈಹಚ್ಚಿ ಕೂಗಿದ. "ಏ ಬರ್ರೋ! ವಜ್ಜೆಗೆ ಮಂದಿ ಬೇಕಾಗ್ಯಾರ! ಉಂಡವರು ಬರ್ರಿ, ಸಣಕಲು ಬ್ಯಾಡ!" ಕೈ ತೊಳೆದುಕೊಂಡು ನಾಲ್ಕೈದು ಮಂದಿ ಹಳ್ಳಕ್ಕೆ ಇಳಿದು ಬಂದರು. ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಹೊಟ್ಟೆ ತುಂಬಿದ ಮಂದಿ, ಗಟ್ಟಿ ಕೂತರು.

ಶಾಂತಲಿಂಗಪ್ಪ ಗಾಡಿ ಬಿಟ್ಟ. ಈಗ ಹೇಳುವಷ್ಟು ಸುಲಭವಿರಲಿಲ್ಲ ಆ ಹಳ್ಳ. ಗಾಳಿ ಇಳಿಸಿದ ಟಾಯರು ಕಲ್ಲಿನ ಅಂಚಿಗೆ ಸಿಕ್ಕಿ ಕಿರುಗುಟ್ಟಿತು. ಅದು ಒಡೆದರೆ ಅಲ್ಲಿಗೆ ಎಲ್ಲ ಮುಗಿದಂತೆ. ಗಾಡಿ ಎಡಕ್ಕೆ ವಾಲಿದಾಗ ಎಲ್ಲರೂ ಬಲಕ್ಕೆ ಒರಗಿದರು, ಬಲಕ್ಕೆ ವಾಲಿದಾಗ ಎಡಕ್ಕೆ. ಗಂಗಾಬಾಯಿಯ ಗಂಟಲಲ್ಲಿ ಕೆಮ್ಮು ಕೆರೆಯತೊಡಗಿತು. ಸುಮಿತ್ರಾಬಾಯಿ ಬಗ್ಗಿ, "ನುಂಗವ್ವಾ, ನುಂಗು, ಉಗುಳು ನುಂಗು," ಎಂದು ಕಿವಿಯಲ್ಲಿ ಹೇಳುತ್ತಲೇ ಇದ್ದಳು. ಕಮಾನುಗಳು ನರಳುತ್ತ ಬಾಗಿದವು, ನರಳುತ್ತ ಎದ್ದವು. ಒದೆಯಲಿಲ್ಲ. ಆಚೆ ದಂಡೆ ಏರಿ ಡಾಂಬರು ಸಿಕ್ಕಿದಾಗ ಗಾಡಿಯಲ್ಲಿದ್ದವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು.

ಬೋರಿಹಾಳ ಬಂತು. ರಸ್ತೆ ಬದಿಯ ಹೊಲದ ಬದುವಿನ ಮೇಲೆ ಮಲ್ಲಣ್ಣನ ಹೆಂಡತಿ ಶಾರದಾಬಾಯಿ ಚರಗದ ಬುಟ್ಟಿ ಹಿಡಿದು ಗಂಡನ ದಾರಿ ಕಾಯುತ್ತಿದ್ದಳು. ಮನೆಯ ಹಿರಿಯನೇ ಚರಗ ಚೆಲ್ಲಬೇಕು. ಅವನು ಚೆಲ್ಲದೆ ಆ ಹೊಲದಲ್ಲಿ ಯಾರೂ ತುತ್ತು ಎತ್ತುವುದಿಲ್ಲ. ಶಾಂತಲಿಂಗಪ್ಪ ಗಾಡಿ ನಿಧಾನ ಮಾಡಿದ.

"ನಿಲ್ಲಸಬ್ಯಾಡಲೇ!" ಎಂದ ಮಲ್ಲಣ್ಣ. "ನಮ್ಮನ್ನ ಇಳಿಸಿ ಚೀಲ ಒಗದ್ರ ಗಾಡಿ ಜಿಗೀತದ. ನಾವಿದ್ದೇವಲ್ಲ, ನಡಿ."

"ಚರಗ?" ಎಂದು ಬದುವಿನಿಂದ ಶಾರದಾಬಾಯಿ ಕೂಗಿದಳು.

"ನೀನೇ ಚೆಲ್ಲು! ಭೂಮಿತಾಯಿ ಬ್ಯಾಡ ಅನ್ನಂಗಿಲ್ಲ!"

ಶಾರದಾಬಾಯಿ ಬುಟ್ಟಿ ಹಿಡಿದು ಬಾಯಿ ತೆರೆದು ನಿಂತೇ ಇದ್ದಳು. ಗಾಡಿಯಲ್ಲಿ ಅವನ ಜೊತೆಗಾರರೂ, ಮುಂದಿನ ಸೀಟಿನ ನಿಂಬೆವ್ವನೂ ಇಳಿಯುವ ಮಾತೆತ್ತಲಿಲ್ಲ. ಹಳ್ಳದ ಹೊಲದವರು ಯಾವ ಊರಿಗೆ ಹೋಗುತ್ತಿದ್ದೇವೆಂದು ಆಗ ಕೇಳಿದರು, ಗುಲಬರ್ಗಾ ಎಂದದ್ದಕ್ಕೆ "ಆಯ್ತು" ಎಂದು ಬೀಡಿ ಹಚ್ಚಿದರು. ಹೊಗೆಗೆ ಕೆಮ್ಮು ಬಂದೀತೆಂದು ಮಲ್ಲಣ್ಣ ಬೀಡಿ ಕಸಿದು ಎಸೆದ. ಸುಮಿತ್ರಾಬಾಯಿಯ ಸೆರಗು ಇನ್ನೂ ತೊಡೆಯ ಮೇಲೇ ಇತ್ತು. ಅದನ್ನು ಯಾರೂ ನೋಡಲಿಲ್ಲ, ಆಕೆಗೂ ಅದರ ಪರಿವೆ ಇರಲಿಲ್ಲ.

ಗುಲಬರ್ಗಾದ ದವಾಖಾನೆಯಲ್ಲಿ ಗಂಗಾಬಾಯಿಯನ್ನು ಸ್ಟ್ರೆಚರಿಗೆ ಎತ್ತಲು ಬಂದವರು "ಕೈ ತೆಗೀರಮ್ಮ" ಎಂದರು. ಸುಮಿತ್ರಾಬಾಯಿಗೆ ತೆಗೆಯಲಾಗಲಿಲ್ಲ. ಬೆರಳುಗಳು ಹಾಗೇ ಸೆಟೆದುಹೋಗಿದ್ದವು. ಶಾಂತಲಿಂಗಪ್ಪ ಒಂದೊಂದೇ ಬೆರಳನ್ನು ಬಿಡಿಸಬೇಕಾಯಿತು. ಆಮೇಲೆ ಮುಚ್ಚಿದ ಬಾಗಿಲಿನ ಹೊರಗೆ ಕಾಯುವ ಕೆಲಸ. ಬಸ್‌ಸ್ಟ್ಯಾಂಡಿಗೆ ಹೋಗಬಹುದಾಗಿದ್ದ ಗಂಡಸರು ಯಾರೂ ಹೋಗಲಿಲ್ಲ. ವರಾಂಡದ ಗೋಡೆಗೆ ಒರಗಿ, ಸುಮ್ಮನೆ, ಸಾಲಾಗಿ ಕೂತಿದ್ದರು. ಉಪವಾಸವಿದ್ದವರಿಗೆ ಹಳ್ಳದ ಹೊಲದವರು ಹೋಗಿ ಬಾಳೆಹಣ್ಣು ತಂದುಕೊಟ್ಟರು. ಮಲ್ಲಣ್ಣ ತಿನ್ನಲಿಲ್ಲ. ಅವನು ಬಾಗಿಲನ್ನೇ ನೋಡುತ್ತಿದ್ದ.

ದೀಪ ಹಚ್ಚುವ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. "ಒಳಗಿಂದು ಒಳಗೇ ಇತ್ತು. ಹೊಲಿಗೆ ಗಟ್ಟಿ ಮಾಡಿದ್ದೇನೆ. ಕಣ್ಣು ಉಳೀತು," ಎಂದರು. ಸುಮಿತ್ರಾಬಾಯಿ ಅಲ್ಲೇ ನೆಲಕ್ಕೆ ಕುಸಿದು ಕೂತು, ಎಲ್ಲರೆದುರಿಗೆ, ಬಿಕ್ಕಿ ಬಿಕ್ಕಿ ಅತ್ತಳು.

ಒಳಗೆ ಹೋದಾಗ ಗಂಗಾಬಾಯಿಗೆ ಎಚ್ಚರವಾಗಿತ್ತು. ಕಣ್ಣಿನ ಮೇಲೆ ಹೊಸ ಪಟ್ಟಿ. ಸುಮಿತ್ರಾಬಾಯಿ ಮಂಚದ ಪಕ್ಕ ಕೂತಳು. ಮಲ್ಲಣ್ಣ ಬಾಗಿಲಲ್ಲೇ ನಿಂತ.

"ಸುಮಿ," ಎಂದಳು ಮುದುಕಿ, ಬಲು ಮೆಲ್ಲಗೆ. "ಹಾದ್ಯಾಗ ಯಾವಾಕೋ ಗಂಡಸರ ಮ್ಯಾಲ ಒದರಿದಳಲ್ಲ. ನಿದ್ದಿಗಣ್ಣಾಗ ಕೇಳಿಸ್ತು. ನನ್ನ ಜೀವಾನೇ ನಡುಗ್ತು. ಯಾರಾಕಿ?"

ಬಾಗಿಲಲ್ಲಿದ್ದ ಮಲ್ಲಣ್ಣನೇ ಉತ್ತರ ಕೊಟ್ಟ.

"ನಿಮ್ಮ ಮಗಳ್ರಿ ಅತ್ತಿ. ಆಕಿ ಒದರಿದ್ದಕ್ಕೇ ನಾವು ಹೊಳ್ಳಿ ಏರಿದೇವಿ."

"ಇಲ್ರೆಪ್ಪಾ. ನಾ ಹಡದ ಮಗಳ ದನಿ ನನಗ ಗುರ್ತಿಲ್ಲೇನು? ಆಕಿ ದನಿ ಅಲ್ಲ ಅದು."

"ಆಕೀದೇರಿ," ಎಂದ ಮಲ್ಲಣ್ಣ, ಮತ್ತು ಬಾಗಿಲಿನಿಂದ ಸರಿದು ಹೋದ.

ಗಂಗಾಬಾಯಿ ಮಗಳ ಕೈಯನ್ನು ತಡಕಾಡಿ ಹಿಡಿದಳು. ಮೊಣಕೈಯ ಗಾಯ ಬೆರಳಿಗೆ ತಾಗಿತು.

"ಅಷ್ಟು ದೊಡ್ಡ ದನಿ ಇಷ್ಟು ದಿನ ಎಲ್ಲಿಟ್ಟಿದ್ದೆವ್ವಾ?"

"ನೀ ಎಲ್ಲಿ ಇಡು ಅಂತ ಕಲಿಸಿದ್ದಿ, ಅಲ್ಲೇ ಇಟ್ಟಿದ್ನೆವ್ವಾ."

ಮುದುಕಿಯ ತುಟಿ ಅದುರಿತು. ಅತ್ತರೆ ಹೊಲಿಗೆಗೆ ಕೇಡೆಂದು ಸುಮಿತ್ರಾಬಾಯಿ ಬೇಗ ಎದ್ದು, ಅವ್ವನ ತಲೆಯನ್ನು ಎರಡೂ ಕೈಗಳಲ್ಲಿ ಮತ್ತೆ ಹಿಡಿದುಕೊಂಡಳು.